ಹೌಗಾಂಗ್ ಬಾಡಿಗೆ ಮನೆ ರಿವ್ಯೂ: ವಿರೋಧ ಪಕ್ಷದ ಏರಿಯಾದಲ್ಲಿ ಕಸ ತೆಗೀತಾರಾ?

ಹೋದ ತಿಂಗಳು ಮೈಸೂರಿನ ಫ್ರೆಂಡ್ ಒಬ್ಬ ಫೋನ್ ಮಾಡಿದ್ದ. ಕಂಪನಿಯೋರು ಸಿಂಗಾಪುರಕ್ಕೆ ಕಳಿಸ್ತಿದಾರೆ, ಮನೆ ನೋಡ್ತಿದೀನಿ, "ಗುರೂ ನೀನಿರೋ ಹೌಗಾಂಗ್ ವಿರೋಧ ಪಕ್ಷದ ಏರಿಯಾ ಅಂತಲ್ಲ, ಅಲ್ಲಿ ಕಸ ಗಿಸ ಸರಿಯಾಗಿ ತೆಗೀತಾರಾ, ಲಿಫ್ಟ್ ಓಡತ್ತಾ" ಅಂತ ಕೇಳ್ದ. ನಂಗೆ ನಗು ಬಂತು, ಯಾಕಂದ್ರೆ ಎರಡು ವರ್ಷದ ಹಿಂದೆ ಏಜೆಂಟ್ ಹತ್ರ ನಾನೂ ಇದನ್ನೇ ಕೇಳಿದ್ದೆ. ಅವನಿಗೆ ವಾಟ್ಸಾಪಲ್ಲಿ ಉತ್ತರ ಟೈಪ್ ಮಾಡೋಕೆ ಕೂತೋನು ಉದ್ದ ಆಗ್ತಾ ಹೋಯ್ತು ಅಂತ ಇಲ್ಲೇ ಹಾಕ್ತಿದೀನಿ, ಬೇರೆಯೋರಿಗೂ ಉಪಯೋಗ ಆಗ್ಲಿ.

ಮೊದ್ಲು ನೇರ ಉತ್ತರ. ತೆಗೀತಾರೆ. ದಿನಾ ಬೆಳಗ್ಗೆ ಕಾರಿಡಾರ್ ಗುಡಿಸ್ತಾರೆ, ಲಿಫ್ಟ್ ಓಡತ್ತೆ, ಹಳೇ ಸೋಫಾ ಬಿಸಾಕ್ಬೇಕು ಅಂತ ಫೋನ್ ಮಾಡಿದ್ರೆ ಬಂದು ಹೊತ್ಕೊಂಡ್ ಹೋಗ್ತಾರೆ. ಇದಕ್ಕೆ ಮುಂಚೆ ಆಳೋ ಪಕ್ಷದ ಏರಿಯಾ ಒಂದ್ರಲ್ಲಿ ಇದ್ದೆ, ಯಾವ್ದು ಅಂತ ಹೇಳಲ್ಲ, ಅಲ್ಲಿ ನಮ್ಮ ಬ್ಲಾಕಿನ ಲಿಫ್ಟ್ ಕೆಟ್ಟು ಅಕ್ಕಿ ಮೂಟೆ ಹೊತ್ಕೊಂಡು ಒಂಬತ್ತನೇ ಮಹಡಿ ಹತ್ತಿದ್ದು ಇನ್ನೂ ಮಂಡಿಗೆ ನೆನಪಿದೆ. ಮೇಂಟೆನೆನ್ಸ್ ಮಟ್ಟಿಗೆ ಹೌಗಾಂಗಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ಆದ್ರೆ ಈ ಪ್ರಶ್ನೆ ಜನ ಯಾಕೆ ಕೇಳ್ತಾರೆ ಅನ್ನೋದೇ ಮಜಾ ಇರೋ ವಿಷ್ಯ. ನಮ್ಮೂರಲ್ಲಿ ಎಮ್ಮೆಲ್ಲೆ ಬೇರೆ, ಕಾರ್ಪೊರೇಟರ್ ಬೇರೆ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ ಬೇರೆ. ಇಲ್ಲಿ ಮೂರೂ ಒಬ್ರೇ. ಸಿಂಗಾಪುರದ ಹತ್ರ ಹತ್ರ 80 ಪರ್ಸೆಂಟ್ ನಿವಾಸಿಗಳು ಇರೋದು ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲಾಟಲ್ಲಿ, ಆ ಫ್ಲಾಟ್‌ಗಳ ಗುಡಿಸೋದು ಒರೆಸೋದು ಲಿಫ್ಟು ಲೈಟು ಎಲ್ಲಾ ನೋಡ್ಕೊಳೋದು ಟೌನ್ ಕೌನ್ಸಿಲ್, ಆ ಟೌನ್ ಕೌನ್ಸಿಲ್ ನಡೆಸೋದು ಆ ಏರಿಯಾದಲ್ಲಿ ಗೆದ್ದ ಎಂಪಿಗಳು. 80ರ ದಶಕದ ಕೊನೇಲಿ ಈ ಪದ್ಧತಿ ತಂದ್ರು. ತಂದೋರ ಲೆಕ್ಕ ಸಿಂಪಲ್, ಯಾರಿಗೆ ವೋಟ್ ಹಾಕ್ತೀರೋ ನಿಮ್ಮ ಮನೆ ಮುಂದಿನ ಕಸಾನೂ ಅವರೇ ತೆಗೀಬೇಕು, ಸೋ ಯೋಚ್ನೆ ಮಾಡಿ ಹಾಕಿ. ಪಾರ್ಲಿಮೆಂಟಲ್ಲಿ ಬಜೆಟ್ ಬಗ್ಗೆ ಬಾಯಿ ಬಿಡೋ ಮುಂಚೆ ವಿರೋಧ ಪಕ್ಷದೋನು ಪೊರಕೆ ಹಿಡಿದು ಪಾಸಾಗ್ಬೇಕು.

ಸ್ವಲ್ಪ ಹಿಂದಿನ ಕಥೆ ಗೊತ್ತಿಲ್ದೇ ಈ ರಿವ್ಯೂ ಅರ್ಥ ಆಗಲ್ಲ. ಪೀಪಲ್ಸ್ ಆ್ಯಕ್ಷನ್ ಪಾರ್ಟಿ, ಪಿಎಪಿ, 1959ರಲ್ಲಿ ಅಧಿಕಾರಕ್ಕೆ ಬಂದಿದ್ದು ಇವತ್ತಿನ ತನಕ ಇಳಿದಿಲ್ಲ. ಕರ್ನಾಟಕದಲ್ಲಿ 1985ರಲ್ಲಿ ಹೆಗಡೆ ಸರ್ಕಾರ ವಾಪಸ್ ಗೆದ್ದಿದ್ದೇ ಕೊನೆ, ಆಮೇಲೆ ಯಾವ ಆಳೋ ಪಕ್ಷಾನೂ ಬಹುಮತ ತಗೊಂಡು ವಾಪಸ್ ಬಂದಿಲ್ಲ, ಐದು ವರ್ಷಕ್ಕೊಂದ್ಸಲ ಬೆಂಚ್ ಬದಲಾಯಿಸೋದು ನೋಡಿ ಬೆಳೆದ ನಮಗೆ ಇದು ಬೇರೆ ಲೋಕ. 1961ರಲ್ಲಿ ಪಿಎಪಿ ಒಡೆದು ಎಡಪಂಥದೋರು ಬಾರಿಸಾನ್ ಸೋಶಿಯಲಿಸ್ ಅಂತ ಪಕ್ಷ ಕಟ್ಟಿದ್ರು, 1963ರ ಫೆಬ್ರವರಿಲಿ ಆಪರೇಷನ್ ಕೋಲ್ಡ್‌ಸ್ಟೋರ್ ಅಂತ ನೂರಕ್ಕೂ ಹೆಚ್ಚು ಜನರನ್ನ ವಿಚಾರಣೆ ಇಲ್ಲದೇ ಒಳಗೆ ಹಾಕಿದ್ರು, ಅದ್ರಲ್ಲಿ ಆ ಪಕ್ಷದ ಹಲವು ದೊಡ್ಡ ತಲೆಗಳು ಇದ್ರು. ಆದ್ರೂ ಆ ವರ್ಷ 13 ಸೀಟ್ ಗೆದ್ರು. 1968ರ ಚುನಾವಣೆ ಬಹಿಷ್ಕಾರ ಹಾಕಿ ತಾವೇ ಕಾಲ ಮೇಲೆ ಕಲ್ಲು ಎತ್ತಾಕೊಂಡ್ರು ಅಂತ ನನ್ನ ಅಭಿಪ್ರಾಯ, ಮೈದಾನ ಬಿಟ್ಟು ಹೋದೋರಿಗೆ ವಾಪಸ್ ಯಾರು ಜಾಗ ಕೊಡ್ತಾರೆ. 68, 72, 76, 80, ನಾಲ್ಕು ಚುನಾವಣೆಲೂ ಇದ್ದಬದ್ದ ಸೀಟೆಲ್ಲಾ ಪಿಎಪಿಗೇ. 1981ರಲ್ಲಿ ಆನ್ಸನ್ ಉಪಚುನಾವಣೇಲಿ ವರ್ಕರ್ಸ್ ಪಾರ್ಟಿಯ ಜೆ.ಬಿ. ಜೆಯರತ್ನಂ ಗೆದ್ದಾಗಲೇ ಮತ್ತೆ ಒಂದು ವಿರೋಧದ ದನಿ ಒಳಗೆ ಬಂದಿದ್ದು. ಆ ಮನುಷ್ಯ ಮುಂದೆ ಮಾನನಷ್ಟ ಕೇಸುಗಳ ದುಡ್ಡು ಕಟ್ಟೋಕಾಗದೇ 2001ರಲ್ಲಿ ದಿವಾಳಿ ಅಂತ ಘೋಷಣೆ ಆಗಿ ಪಾರ್ಲಿಮೆಂಟಿನ ಸ್ಥಾನಾನೂ ಕಳ್ಕೊಂಡ್ರು.

ಈಗ ಮನೆ ವಿಷ್ಯಕ್ಕೆ ಬರ್ತೀನಿ. ಹೌಗಾಂಗ್ ಸ್ಟೇಷನ್ ನಾರ್ತ್ ಈಸ್ಟ್ ಲೈನಲ್ಲಿದೆ, ಮ್ಯಾಪಲ್ಲಿ ನೇರಳೆ ಬಣ್ಣದ್ದು, ಹತ್ತಿದ್ರೆ ಟ್ರೈನ್ ಬದಲಾಯಿಸದೇ ನೇರ ಲಿಟಲ್ ಇಂಡಿಯಾ. ಕರಿಬೇವು, ತೆಂಗಿನಕಾಯಿ, ಒಳ್ಳೇ ದೋಸೆ ಬೇಕು ಅಂದ್ರೆ ಇದಕ್ಕಿಂತ ಅನುಕೂಲ ಇಲ್ಲ. (ಕೆಳಗಿನ ಕಾಪಿ ಅಂಗಡೀಲಿ ಪ್ಯೂರ್ ವೆಜ್ ಏನೂ ಸಿಗಲ್ಲ, ತೆಂಗಿನ ಹಾಲಿನ ಜಾಮ್ ಹಚ್ಚಿದ ಕಾಯಾ ಟೋಸ್ಟ್ ಒಂದೇ ಗತಿ, ಅದ್ರಲ್ಲೂ ಮೊಟ್ಟೆ ಇರತ್ತೆ. 'ಕೊಸೊಂಗ್' ಅಂದ್ರೆ ಸಕ್ಕರೆ ಇಲ್ಲದ್ದು, ನೆನಪಿಟ್ಕೊಳಿ, ಇಲ್ಲಾಂದ್ರೆ ಪಾಯಸ ಕುಡಿದ ಹಾಗಾಗತ್ತೆ.) ನಂಗೆ ಈ ಲೈನು ಇಷ್ಟ ಆಗೋಕೆ ಇನ್ನೊಂದು ಕಾರಣ ಇದೆ. ಇಲ್ಲಿನ ವಿರೋಧ ಪಕ್ಷಗಳ ಚರಿತ್ರೆ ಅರ್ಧ ಈ ಒಂದು ಟ್ರೈನಲ್ಲೇ ಸಿಕ್ಬಿಡತ್ತೆ. ಎರಡು ಸ್ಟಾಪ್ ಆಚೆ ಸೆಂಗ್ಕಾಂಗ್, 2020ರಲ್ಲಿ ವರ್ಕರ್ಸ್ ಪಾರ್ಟಿ ಗೆದ್ದಿದ್ದು. ಹೌಗಾಂಗ್, 1991ರಲ್ಲಿ ಅದೇ ಪಕ್ಷದ ಲೋ ಥಿಯಾ ಕಿಯಾಂಗ್ ಗೆದ್ದ ಮೇಲೆ ಪಕ್ಷ ಇವತ್ತಿನ ತನಕ ಕೈ ಬಿಟ್ಟಿಲ್ಲ. ಸಿಟಿ ಕಡೆ ಹೋಗ್ತಾ ಪೊಟಾಂಗ್ ಪಾಸಿರ್, ಸ್ಟೇಷನ್ನಿಂದ ಮೇಲೆ ಬಂದ್ರೆ ಇಳಿಜಾರು ಚಾವಣಿಯ ಹಳೇ ಬ್ಲಾಕ್‌ಗಳು ಕಾಣ್ತವೆ, ಅಲ್ಲಿ ವಿರೋಧ ಪಕ್ಷದ ಇನ್ನೊಬ್ಬ ನಾಯಕ ಚಿಯಾಮ್ ಸೀ ಟೋಂಗ್ 1984ರಿಂದ 2011ರ ತನಕ 27 ವರ್ಷ ಎಂಪಿ. ಅವರು ಬೇರೆ ಕಡೆ ನಿಂತು ಹೆಂಡತಿನ ಇಲ್ಲಿ ನಿಲ್ಸಿದಾಗ 114 ವೋಟಲ್ಲಿ ಸೀಟ್ ಹೋಯ್ತು. ನೂರಾ ಹದಿನಾಲ್ಕು! ನಮ್ಮ ಬ್ಲಾಕಿನ ಒಂದೆರಡು ಮಹಡಿ ಜನ ಅಷ್ಟೇ.

ಪಕ್ಕದ ಮನೆ ಅಂಕಲ್ ಹುಟ್ಟಿದಾಗಿಂದ ಇಲ್ಲೇ ಇರೋರು, ಟಿಯೋಚ್ಯೂ ಭಾಷೆ ಆಡೋ ಚೀನೀಯರು, ಇಂಗ್ಲಿಷ್ ಅಷ್ಟಕ್ಕಷ್ಟೇ. ಸಂಜೆ ಕಾರಿಡಾರಲ್ಲಿ ಗಿಡಕ್ಕೆ ನೀರು ಹಾಕ್ತಾ ಸಿಗ್ತಾರೆ. ಒಂದ್ಸಲ ಕೇಳ್ದೆ, ಅಂಕಲ್ ಇಷ್ಟು ವರ್ಷ ಯಾಕೆ ವರ್ಕರ್ಸ್ ಪಾರ್ಟಿಗೇ ಹಾಕ್ತೀರಾ ಅಂತ. ಲೋ ಥಿಯಾ ಕಿಯಾಂಗ್ ನಮ್ಮ ಭಾಷೇಲಿ ಮಾತಾಡ್ತಿದ್ರು, ಯಾರ ಮನೇಲಿ ಸಾವಾದ್ರೂ ಬಂದು ಕೂತ್ಕೋತಿದ್ರು ಅಂದ್ರು. ನಮ್ಮ ಮಂಡ್ಯ ಹಾಸನ ಕಡೆ ರಾಜಕಾರಣಿಗಳಿಗೆ ಇದನ್ನ ಹೇಳಿಕೊಡ್ಬೇಕಾಗಿಲ್ಲ. ಆಮೇಲೆ ಅಪ್‌ಗ್ರೇಡಿಂಗ್ ಕಥೆ ಹೇಳಿದ್ರು. ಹಳೇ ಬ್ಲಾಕ್‌ಗಳಿಗೆ ಎಲ್ಲಾ ಮಹಡೀಲೂ ಲಿಫ್ಟ್ ನಿಲ್ಲೋ ಹಾಗೆ ಮಾಡೋದು, ಇಂಥ ಕೆಲಸಕ್ಕೆ ಹೆಚ್ಚಿನ ದುಡ್ಡು ಸರ್ಕಾರದ್ದು. 1997ರ ಚುನಾವಣೇಲಿ ಪಿಎಪಿ ಬಾಯಿ ಬಿಟ್ಟೇ ಹೇಳ್ತು, ನಮಗೆ ವೋಟ್ ಹಾಕಿದ ಏರಿಯಾಗೆ ಮೊದ್ಲು, ಮಿಕ್ಕಿದ್ದು ಕೊನೇಗೆ ಅಂತ. 2006ರಲ್ಲಂತೂ ನಮ್ಮ ಕಡೆ ಬಂದ್ರೆ ಹೌಗಾಂಗಿಗೆ 10 ಕೋಟಿ ಡಾಲರ್ ಕೆಲಸ, ಪೊಟಾಂಗ್ ಪಾಸಿರ್‌ಗೆ 8 ಕೋಟಿ ಅಂತ ಆಸೆ ತೋರ್ಸಿದ್ರು. ಎರಡೂ ಕಡೆ ಜನ ಹಾಕ್ಲಿಲ್ಲ. ಕಾಲು ನೋವಿರೋ ವಯಸ್ಸಾದೋರು ಮೆಟ್ಟಿಲು ಹತ್ಕೊಂಡೇ ವೋಟ್ ಹಾಕಿ ಬಂದ್ರು. ಇದನ್ನ ಹೇಳುವಾಗ ಅಂಕಲ್ ಮುಖ ನೋಡ್ಬೇಕಿತ್ತು.

ಸರ್ವಿಸ್ ಬದಲಾಯಿಸೋದು ಎಷ್ಟು ಕಷ್ಟ ಅಂತ ನೋಡ್ಬೇಕು ಅಂದ್ರೆ 2011 ನೋಡಿ. ಆ ವರ್ಷ ವರ್ಕರ್ಸ್ ಪಾರ್ಟಿ ನಮ್ಮ ಪಕ್ಕದ ಅಲ್ಜುನೀದ್ ಗೆದ್ರು, ಐದು ಸೀಟಿನ ಗುಂಪು ಕ್ಷೇತ್ರ, ವಿದೇಶಾಂಗ ಮಂತ್ರಿ ಜಾರ್ಜ್ ಯೋ ಅವರೇ ಸೋತ್ರು. ಸಂಭ್ರಮ ಮುಗಿಯೋಕೆ ಮುಂಚೆ ಟೌನ್ ಕೌನ್ಸಿಲ್ ನಡೆಸೋ ಕಂಪ್ಯೂಟರ್ ಸಾಫ್ಟ್‌ವೇರ್ ಹೋಯ್ತು. ಅದು ಎಐಎಂ ಅನ್ನೋ ಕಂಪನಿ ಕೈಲಿತ್ತು, ಆ ಕಂಪನಿ ಪಿಎಪಿದೇ, ಪಿಎಪಿ ಟೌನ್ ಕೌನ್ಸಿಲ್‌ಗಳೇ ಅದಕ್ಕೆ ಮಾರಿದ್ದು, ಕೌನ್ಸಿಲ್ ಬೇರೆ ಕೈಗೆ ಹೋದ್ರೆ ಕಾಂಟ್ರ್ಯಾಕ್ಟ್ ನಿಲ್ಲಿಸಬಹುದು ಅಂತ ಷರತ್ತಿತ್ತು, ನಿಲ್ಲಿಸಿದ್ರು. ಮೇಂಟೆನೆನ್ಸ್ ಮಾಡ್ತಿದ್ದ ಏಜೆನ್ಸೀನೂ ಬಿಡ್ತು. ಬಾಡಿಗೆ ಮನೆಗೆ ಹೋದ ದಿನವೇ ಹಳೇ ಬಾಡಿಗೆದಾರ ಸ್ವಿಚ್ ಬೋರ್ಡೂ ಬಿಚ್ಕೊಂಡ್ ಹೋದ ಹಾಗೆ. ವರ್ಕರ್ಸ್ ಪಾರ್ಟಿಯೋರು ಅವಸರದಲ್ಲಿ ಟೆಂಡರ್ ಕರೀದೇ ತಮಗೆ ಗೊತ್ತಿದ್ದೋರ ಕಂಪನಿಗೆ ಕೊಟ್ರು. ಅದು ತಪ್ಪೇ, ನಾನು ಇವರ ಪರ ವಾದ ಮಾಡಲ್ಲ, ದುಡ್ಡಿನ ವಿಷ್ಯದಲ್ಲಿ ಟೆಂಡರ್ ಟೆಂಡರೇ. ಲೆಕ್ಕಪತ್ರ ಸರಿ ಇಲ್ಲ ಅಂತ ಆಡಿಟಲ್ಲಿ ಬಂತು, 2017ರಲ್ಲಿ ಕೇಸು ಬಿತ್ತು, 2019ರಲ್ಲಿ ಹೈಕೋರ್ಟಲ್ಲಿ ಸೋತ್ರು, 2022ರಲ್ಲಿ ಮೇಲಿನ ಕೋರ್ಟು ಒಂದಷ್ಟು ಭಾಗ ತಿರುಗಿಸಿ, ಆ ಕಂಪನಿಗೆ ಕೊಟ್ಟಿದ್ದು ಸದುದ್ದೇಶದಿಂದಲೇ ಅಂತು, ಇನ್ನು ಕೆಲವು ವಿಷ್ಯಗಳಲ್ಲಿ ಹೊಣೆ ಉಳಿಸ್ತು, 2024ರಲ್ಲಿ ರಾಜಿ ಆಯ್ತು. ಏಳು ವರ್ಷ. ಆ ಏಳು ವರ್ಷ ಪಕ್ಷದ ನಾಯಕರ ಗಮನ, ದುಡ್ಡು ಎಲ್ಲಾ ಕಾರಿಡಾರ್ ಗುಡಿಸಿದ ಬಿಲ್ಲಿನ ಮೇಲೆ.

ಸಾಯಂಕಾಲ ಆಫೀಸಿಂದ ಬರುವಾಗ ಕೆಲವೊಂದ್ ದಿನ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ಕಲ್ಲಿ, ಅಂದ್ರೆ ಗ್ರೌಂಡ್ ಫ್ಲೋರಲ್ಲಿ ಖಾಲಿ ಬಿಟ್ಟಿರೋ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಮಡಿಸೋ ಟೇಬಲ್ ಹಾಕ್ಕೊಂಡು ಸಾಲಾಗಿ ಜನ ಕೂತಿರೋದು ಕಾಣತ್ತೆ. ಅದು ಎಂಪಿ ಜೊತೆ ಜನಸಂಪರ್ಕ. ಮಗನಿಗೆ ಕೆಲಸ ಹೋಯ್ತು, ಫೈನ್ ಬಿತ್ತು, ಅಂತ ಬಂದೋರಿಗೆ ವಾಲಂಟಿಯರ್‌ಗಳು ಇಲಾಖೆಗೆ ಕಾಗದ ಬರೆದು ಕೊಡ್ತಾರೆ. ಮಳೆ ಬಂದ್ರೆ ಎರಚಲು, ಸೊಳ್ಳೆ ಬೇರೆ. ಹತ್ರದಲ್ಲೇ ಎಸಿ ಇರೋ ಕಮ್ಯುನಿಟಿ ಕ್ಲಬ್ ಇದೆಯಲ್ಲ ಅಂದ್ರೆ, ಅದು ಪೀಪಲ್ಸ್ ಅಸೋಸಿಯೇಷನ್ ಅನ್ನೋ ಸರ್ಕಾರಿ ಸಂಸ್ಥೆದು, ವಿರೋಧ ಪಕ್ಷ ಗೆದ್ದಿರೋ ಏರಿಯಾದಲ್ಲೂ ಅದರ 'ಗ್ರಾಸ್‌ರೂಟ್ಸ್ ಅಡ್ವೈಸರ್' ಆಗೋದು ಗೆದ್ದ ಎಂಪಿ ಅಲ್ಲ, ಪಿಎಪಿ ಕಡೆಯೋರು, ಸಾಮಾನ್ಯವಾಗಿ ಸೋತ ಅಭ್ಯರ್ಥಿ. ಮೊದ್ಲ ಸಲ ಕೇಳಿದಾಗ ತಲೆ ಕೆರ್ಕೊಂಡೆ. ಸರ್ಕಾರದ ಕಾರ್ಯಕ್ರಮ ಜನಕ್ಕೆ ತಲುಪಿಸೋಕೆ ಸರ್ಕಾರದೋರೇ ಇರ್ಬೇಕು ಅಂತ ಅವರ ಸಮಜಾಯಿಷಿ.

ಇನ್ನು ಸ್ಪರ್ಧೆಯ ನಿಯಮ. 1988ರಿಂದ ಜಿಆರ್‌ಸಿ ಅಂತ ಗುಂಪು ಕ್ಷೇತ್ರ ಮಾಡಿದ್ರು, ಈಗ ನಾಲ್ಕೈದು ಜನ ಟೀಮಾಗಿ ನಿಲ್ಬೇಕು, ಒಬ್ರಾದ್ರೂ ಅಲ್ಪಸಂಖ್ಯಾತ ಜನಾಂಗದೋರು ಇರ್ಬೇಕು. ಮಲಯರು, ಇಂಡಿಯನ್ನರು ಪಾರ್ಲಿಮೆಂಟಿಂದ ಕಾಣೆಯಾಗ್ಬಾರ್ದು ಅಂತ ಉದ್ದೇಶ ಹೇಳಿದ್ದು, ಅದ್ರಲ್ಲಿ ಸತ್ಯಾನೂ ಇದೆ. ಆದ್ರೆ ಸಣ್ಣ ಪಕ್ಷಕ್ಕೆ ಐದು ಒಳ್ಳೇ ಜನ ಎಲ್ಲಿಂದ ತರೋದು. ಠೇವಣಿ ತಲೆಗೆ 13,500 ಡಾಲರ್, ಐದು ಜನಕ್ಕೆ 67,500, ರೂಪಾಯಿಗೆ ಹಾಕಿದ್ರೆ 40 ಲಕ್ಷ ದಾಟತ್ತೆ, ಎಂಟನೇ ಒಂದು ಭಾಗ ವೋಟ್ ಬರ್ಲಿಲ್ಲ ಅಂದ್ರೆ ಗೋವಿಂದ. ನಮ್ಮಲ್ಲಿ ಲೋಕಸಭೆಗೆ 25 ಸಾವಿರ ರೂಪಾಯಿ. ಗಡಿಗಳೂ ಬದಲಾಗ್ತಾ ಇರ್ತವೆ, ಪ್ರಧಾನಿ ನೇಮಿಸೋ ಅಧಿಕಾರಿಗಳ ಸಮಿತಿ ಬರೆಯತ್ತೆ. 1988ರಲ್ಲಿ ಯೂನೋಸ್ ಅನ್ನೋ ಕ್ಷೇತ್ರದಲ್ಲಿ ವರ್ಕರ್ಸ್ ಪಾರ್ಟಿ 49 ಪರ್ಸೆಂಟ್ ತಗೊಂಡಿತ್ತು, 1997ರ ಹೊತ್ತಿಗೆ ಆ ಕ್ಷೇತ್ರವೇ ಮ್ಯಾಪಿಂದ ಮಾಯ. ಅದೇ 1997ರಲ್ಲಿ ಚೆಂಗ್ ಸಾನ್‌ನಲ್ಲಿ 45 ಪರ್ಸೆಂಟ್, 2001ಕ್ಕೆ ಅದೂ ಇಲ್ಲ. ವರ್ಷಗಟ್ಲೆ ಮನೆ ಮನೆ ಬಾಗಿಲು ಬಡಿದು ಸಂಪಾದಿಸಿದ ಜನ ರಾತ್ರೋರಾತ್ರಿ ಬೇರೆ ಲಿಸ್ಟಲ್ಲಿ. 2025ರಲ್ಲಿ ಗಡಿ ರಿಪೋರ್ಟ್ ಬಂದಿದ್ದು ಮಾರ್ಚ್ 11, ನಾಮಪತ್ರ ಏಪ್ರಿಲ್ 23, ವೋಟಿಂಗ್ ಮೇ 3. ಪ್ರಚಾರಕ್ಕೆ ಸಿಕ್ಕಿದ್ದು ಒಂಬತ್ತು ದಿನ. ನಮ್ಮೂರಲ್ಲಿ ಒಂಬತ್ತು ದಿನದಲ್ಲಿ ಟಿಕೆಟ್ ಬಂಡಾಯ ಶಮನ ಆಗಲ್ಲ.

ಇಷ್ಟೆಲ್ಲಾ ಹೇಳಿದ್ಮೇಲೆ ಒಂದು ಮಾತು ಹೇಳ್ದೇ ಇದ್ರೆ ಮೋಸ ಆಗತ್ತೆ. ವಿರೋಧ ಪಕ್ಷಕ್ಕೆ ಇಲ್ಲಿ ದೊಡ್ಡ ತಲೆನೋವು ಕಾನೂನು ಅಲ್ಲ, ಆಳೋರು ಕೆಲಸ ಮಾಡ್ತಾರೆ ಅನ್ನೋದು. ಟ್ರೈನ್ ಬರತ್ತೆ, ನಲ್ಲೀಲಿ ಬರೋ ನೀರನ್ನೇ ಕುಡೀಬಹುದು, ರಾತ್ರಿ ಹನ್ನೆರಡಕ್ಕೆ ನನ್ನ ಹೆಂಡತಿ ಒಬ್ಳೇ ಬಸ್ಸಲ್ಲಿ ಬರ್ತಾಳೆ. ಜನಕ್ಕೆ ಬೇಕಾಗಿರೋದು ಸರ್ಕಾರ ಬದಲಾಯಿಸೋದಲ್ಲ, ಸರ್ಕಾರಕ್ಕೆ ಚುರುಕು ಮುಟ್ಟಿಸೋದು. ಇದನ್ನ ಮೊದ್ಲು ಅರ್ಥ ಮಾಡ್ಕೊಂಡಿದ್ದು ಚಿಯಾಮ್. 1991ರಲ್ಲಿ ವಿರೋಧ ಪಕ್ಷಗಳು ಬೇಕಂತಲೇ 81ರಲ್ಲಿ 40 ಸೀಟಿಗೆ ಮಾತ್ರ ನಿಂತ್ರು, ನಾಮಪತ್ರದ ದಿನಾನೇ ಪಿಎಪಿ 41 ಸೀಟಿಂದ ಸರ್ಕಾರ ಮಾಡಿ ಆಯ್ತು, ಹೆದರ್ಬೇಡಿ ಸರ್ಕಾರ ಇದೆ, ಈಗ ನಮಗೆ ಹಾಕಿ ಅಂದ್ರು. ನಾಲ್ಕು ಸೀಟ್ ಬಂತು, ಹೌಗಾಂಗ್ ಸೇರಿ. ಬುದ್ಧಿವಂತಿಕೆ ಹೌದು, ಆದ್ರೆ ನಾವು ಗೆಲ್ಲಲ್ಲ ಅನ್ನೋದನ್ನೇ ಪ್ರಚಾರ ಮಾಡಿ ಗೆಲ್ಲೋ ಪಕ್ಷ ಮುಂದೆ ಒಂದಿನ ನಾವೂ ಆಳ್ತೀವಿ ಅಂತ ಯಾವ ಬಾಯಲ್ಲಿ ಹೇಳೋದು? 2011ರಲ್ಲಿ ಪೆಟ್ಟು ಬಿದ್ದಿದ್ದೇ ಪಿಎಪಿ ಮಂತ್ರಿಗಳ ಸಂಬಳ ಇಳಿಸ್ತು, 60ಕ್ಕೆ ಇಳಿದಿದ್ದ ವೋಟು 2015ಕ್ಕೆ 69.9 ಪರ್ಸೆಂಟ್. ಆ ವರ್ಷ ಮೊದಲ ಪ್ರಧಾನಿ ಲೀ ಕ್ವಾನ್ ಯೂ ತೀರ್ಕೊಂಡಿದ್ದೂ ಒಂದು ಕಾರಣ. ಬೈದಿದ್ದು ಇವರು, ತಿದ್ಕೊಂಡು ಲಾಭ ತಗೊಂಡಿದ್ದು ಅವರು.

2025ರ ರಿಸಲ್ಟ್ ರಾತ್ರಿ ನಾನು ಮನೇಲೇ ಟಿವಿ ಮುಂದೆ ಕೂತಿದ್ದೆ. ಫಾರಿನರ್ ಆದೋನು ಇಲ್ಲಿನ ರಾಜಕೀಯಕ್ಕೆ ತಲೆ ಹಾಕ್ಬಾರ್ದು, ರ್ಯಾಲಿ ಕಡೆನೂ ಸುಳಿದಿಲ್ಲ. ಪಿಎಪಿಗೆ 65.57 ಪರ್ಸೆಂಟ್ ವೋಟು, 97ರಲ್ಲಿ 87 ಸೀಟು. ವರ್ಕರ್ಸ್ ಪಾರ್ಟಿ ಹತ್ತಕ್ಕೆ ನಿಲ್ತು, ಐದು ವರ್ಷದ ಹಿಂದೆನೂ ಹತ್ತೇ. ಟ್ಯಾಂಪನೀಸಲ್ಲಿ 47 ಪರ್ಸೆಂಟ್ ಚಿಲ್ರೆ ತಗೊಂಡು ಸೋತ್ರು. ಇನ್ನೊಂದು ಐದು ಸೀಟಿನ ಕ್ಷೇತ್ರದಲ್ಲಿ ಯಾರೂ ನಿಲ್ದೇ ಪಿಎಪಿಗೆ ಫ್ರೀಯಾಗಿ ಹೋಯ್ತು, ಅಲ್ಲಿ ಮುಂಚೆಯಿಂದ ಓಡಾಡ್ಕೊಂಡಿದ್ದ ವರ್ಕರ್ಸ್ ಪಾರ್ಟಿಯೋರು ಕೊನೇ ಗಳಿಗೇಲಿ ಕೈ ಬಿಟ್ಟಿದ್ದಕ್ಕೆ ಜನ ಚೆನ್ನಾಗೇ ಬೈದ್ರು. ಅದೇ ಫೆಬ್ರವರಿಲಿ ಪಕ್ಷದ ನಾಯಕ ಪ್ರೀತಮ್ ಸಿಂಗ್‌ಗೆ ಪಾರ್ಲಿಮೆಂಟ್ ಸಮಿತಿ ಮುಂದೆ ಸುಳ್ಳು ಹೇಳಿದ್ದಕ್ಕೆ ಎರಡು ಆರೋಪದಲ್ಲಿ ತಲಾ 7,000 ಡಾಲರ್ ದಂಡ ಬಿದ್ದಿತ್ತು, ಆದ್ರೂ ಅಲ್ಜುನೀದ್ ಅಲ್ಲಾಡ್ಲಿಲ್ಲ. ನಮ್ಮ ಹೌಗಾಂಗಲ್ಲಿ ಡೆನಿಸ್ ಟ್ಯಾನ್ 62 ಪರ್ಸೆಂಟ್. ಪಕ್ಕದ ಅಂಕಲ್ ಆಗ್ಲೇ ಲೈಟ್ ಆರಿಸಿ ಮಲಗಿಬಿಟ್ಟಿದ್ರು. ಬೆಳಗ್ಗೆ ಕೇಳಿದ್ರೆ, ಅದ್ರಲ್ಲೇನು ನೋಡೋದು ಅಂದ್ರು.

ಮೈಸೂರಿನ ಫ್ರೆಂಡ್‌ಗೆ ಕೊನೇ ಉತ್ತರ: ಬಾಡಿಗೆ ಸಿಟಿ ಹತ್ರಕ್ಕಿಂತ ಕಮ್ಮಿ, ಅಗ್ರಿಮೆಂಟ್ ಆರು ತಿಂಗಳಿಗಿಂತ ಕಮ್ಮಿಗೆ ಮಾಡೋ ಹಾಗಿಲ್ಲ, 2030ಕ್ಕೆ ಕ್ರಾಸ್ ಐಲ್ಯಾಂಡ್ ಲೈನೂ ಇಲ್ಲಿಗೆ ಬರತ್ತಂತೆ, ಆಮೇಲೆ ಓನರ್‌ಗಳು ಏರಿಸ್ತಾರೆ ನೋಡ್ತಿರು. ಕೆಳಗಿನ ಮಹಡಿ ತಗೋಬೇಡ, ಸೊಳ್ಳೆ. ನಾನಂತೂ ಇನ್ನೆರಡು ವರ್ಷಕ್ಕೆ ಸೈನ್ ಹಾಕಿದೀನಿ, ಬಂದ್ರೆ ಒಂದು ವಾರ ನಮ್ಮನೇಲೇ ಇರು, ಫಿಲ್ಟರ್ ಕಾಫಿ ಪುಡಿ ಎರಡು ಕೆಜಿ ತಗೊಂಡ್ ಬಾ.