ಅಮ್ಮನ ಮಾತು ಕೇಳುವ ಡಬ್ಬಿ: ಆರು ತಿಂಗಳು ಬಳಸಿದ ಮೇಲೆ

ಅಮ್ಮನಿಗೆ ಮಂಡಿ ನೋವು. ಕುರ್ಚಿಯಿಂದ ಏಳುವ ಮೊದಲು ಎರಡು ಸಲ ಯೋಚಿಸುತ್ತಾಳೆ. ಮನೆಯ ಲೈಟು, ಫ್ಯಾನು, ಕರ್ಟನ್ನು ಎಲ್ಲವನ್ನೂ ಮೊಬೈಲಿನಿಂದಲೇ ನಡೆಸುವ ಏರ್ಪಾಡು ಮಾಡಿ ಎರಡು ವರ್ಷ ಆಗಿತ್ತು. ಅವಳಿಗೂ ಆ್ಯಪ್ ಹಾಕಿಕೊಟ್ಟೆ. ಮೊದಲು ಕನ್ನಡಕ ಹುಡುಕಬೇಕು, ಆಮೇಲೆ ಫೋನ್, ಆಮೇಲೆ ಅದರೊಳಗೆ ಆ್ಯಪ್. "ಇಷ್ಟು ಹೊತ್ತಿಗೆ ನಾನೇ ಎದ್ದು ಹೋಗಿ ಹಾಕಿ ಬರ್ತಿದ್ದೆ ಕಣೇ" ಅಂದಳು. ಮಾತಿನಲ್ಲೇ ಕೆಲಸ ಆಗಬೇಕು ಅಂತ ನಾನು ಹೊರಟಿದ್ದು ಹಾಗೆ.

ನಮ್ಮ ಮನೆಯ ಏರ್ಪಾಡು ನಡೆಯುವುದು ಹೋಮ್ ಅಸಿಸ್ಟೆಂಟ್ ಮೇಲೆ. 2013ರಲ್ಲಿ ಶುರುವಾದ, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಉಚಿತ ತಂತ್ರಾಂಶ. ನಮ್ಮಲ್ಲಿ ಅದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಕೂತಿತ್ತು. ಬಲ್ಬು, ಸ್ವಿಚ್ಚುಗಳೆಲ್ಲ ಜಿಗ್‌ಬೀ, ಅಂದರೆ ವೈರ್ ಇಲ್ಲದೆ ಮನೆಯೊಳಗೇ ಮಾತಾಡಿಕೊಳ್ಳುವ ಬಗೆಯವು.

ಮೊದಲು ತಂದದ್ದು ಒಂದು ದೊಡ್ಡ ಕಂಪನಿಯ ಸ್ಪೀಕರ್. ಹೆಸರು ಬೇಡ. ಕಿವಿ ಚುರುಕಾಗಿತ್ತು, ಸುಳ್ಳು ಹೇಳಬಾರದು. ಆದರೆ ಅಡುಗೆಮನೆಯ ಲೈಟ್ ಹಾಕು ಅಂದ ಮಾತು ಎಲ್ಲೋ ಇರುವ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಅಡುಗೆಮನೆಗೇ ಬರಬೇಕು. ಒಂದು ಸಂಜೆ ಇಂಟರ್ನೆಟ್ ಹೋಯಿತು. ಬಲ್ಬ್ ಇದೆ, ಕರೆಂಟ್ ಇದೆ, ಅಮ್ಮನ ದನಿಯೂ ಇದೆ, ಬೆಳಕು ಮಾತ್ರ ಇಲ್ಲ. ಮಾರನೇ ದಿನವೇ ಅದನ್ನು ಕಟ್ಟಿಟ್ಟೆ.

ಹೋಮ್ ಅಸಿಸ್ಟೆಂಟ್ ತಂಡದವರು 2023ನ್ನು 'ದನಿಯ ವರ್ಷ' ಅಂತ ಸಾರಿ ಈ ಕೆಲಸಕ್ಕೆ ಕೈಹಾಕಿದರು. 2024ರ ಡಿಸೆಂಬರಿನಲ್ಲಿ ವಾಯ್ಸ್ ಪ್ರಿವ್ಯೂ ಎಡಿಷನ್ ಅನ್ನುವ ಡಬ್ಬಿ ಬಂತು. ನಾನು ತರಿಸಿದ್ದು ಅದನ್ನೇ, ಎರಡು. ಅಂಗೈಯಲ್ಲಿ ಕೂರುವ ಬಿಳಿ ಚೌಕ. ಎರಡು ಮೈಕು, ಮಧ್ಯದಲ್ಲಿ ತಿರುಗಿಸುವ ಗುಂಡಿ, ಅದರ ಸುತ್ತ ಬೆಳಕಿನ ಉಂಗುರ, ಪಕ್ಕದಲ್ಲಿ ಮ್ಯೂಟ್ ಸ್ವಿಚ್. ಮ್ಯೂಟ್ ಸರಿಸಿದರೆ ಮೈಕಿಗೆ ಹೋಗುವ ಕರೆಂಟೇ ಕಟ್. ಒಳಗಿನ ಸ್ಪೀಕರ್ ಉತ್ತರ ಕೇಳುವುದಕ್ಕೆ ಸಾಕು, ಹಾಡಿಗೆ ಸಾಲದು. ಹಾಡು ಬೇಕಾದವರು ಹೆಡ್‌ಫೋನ್ ಪಿನ್ನಿಗೆ ಬೇರೆ ಸ್ಪೀಕರ್ ಸಿಕ್ಕಿಸಿಕೊಳ್ಳಬಹುದು.

ಇದನ್ನು ಎಬ್ಬಿಸಲು "ಓಕೆ ನಾಬು" ಅನ್ನಬೇಕು. ಆ ಪದವನ್ನು ಡಬ್ಬಿಯೇ ಗುರುತಿಸುತ್ತದೆ. ಅಲ್ಲಿವರೆಗೆ ಒಂದು ಮಾತೂ ಅದರಿಂದ ಹೊರಗೆ ಹೋಗುವುದಿಲ್ಲ. ಅಮ್ಮ ಮೊದಲ ದಿನದಿಂದ "ಓಕೆ ಬಾಬು" ಅಂತಲೇ ಕರೆದದ್ದು. ಮೂರರಲ್ಲಿ ಒಂದು ಸಲ ಓಗೊಡುತ್ತಿತ್ತು. ಎಬ್ಬಿಸುವ ಪದಕ್ಕೆ ಎಷ್ಟು ಚುರುಕಾಗಿ ಓಗೊಡಬೇಕು ಅಂತ ಹೇಳಲು ಸೆಟ್ಟಿಂಗ್ಸ್‌ನಲ್ಲಿ ಮೂರು ಹಂತ ಇವೆ. ಒಂದು ಹಂತ ಏರಿಸಿದೆ. ಈಗ ಬಾಬುವೂ ಎದ್ದೇಳುತ್ತಾನೆ, ಜೊತೆಗೆ ವಾರಕ್ಕೊಮ್ಮೆ ಟಿವಿ ಮಾತಿಗೂ ಎದ್ದೇಳುತ್ತಾನೆ. ಅಷ್ಟಕ್ಕೆ ನಾನು ಒಪ್ಪಿಕೊಂಡಿದ್ದೇನೆ.

ಎದ್ದ ಮೇಲೆ ಮೂರು ಕೆಲಸ. ದನಿಯನ್ನು ಅಕ್ಷರ ಮಾಡುವುದು, ಆ ಅಕ್ಷರದ ಅರ್ಥ ಹಿಡಿಯುವುದು, ಉತ್ತರ ಹೇಳುವುದು. ಮೊದಲನೆಯದಕ್ಕೆ ನಾನು ಬಳಸುವುದು ವಿಸ್ಪರ್ ಅನ್ನುವ ತಂತ್ರಾಂಶ. ಅದಕ್ಕೆ ಬರುವ ಭಾಷೆಗಳಲ್ಲಿ ಕನ್ನಡವೂ ಇದೆ, ಮನೆಯಲ್ಲೇ ಓಡುತ್ತದೆ. ಆದರೆ ನನ್ನ ಪೈ 4ಕ್ಕೆ ಇದು ಹೊರಲಾರದ ಭಾರ. ಅಮ್ಮ ಹೇಳಿ ಮುಗಿಸಿ, ಡಬ್ಬಿಯ ಮುಖ ನೋಡಿ, ನನ್ನ ಮುಖ ನೋಡಿ, ಮತ್ತೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲೈಟ್ ಹತ್ತುತ್ತಿತ್ತು. ಎಂಟು ಸೆಕೆಂಡ್ ಅಂದರೆ ಕತ್ತಲಲ್ಲಿ ಬಹಳ ಹೊತ್ತು. ಅದರ ಮೇಲೆ, ವಿಸ್ಪರ್‌ನ ಸಣ್ಣ ಮಾದರಿ ಇಂಗ್ಲಿಷನ್ನು ಹೇಗೋ ಹಿಡಿಯುತ್ತಿತ್ತು, ಕನ್ನಡದಲ್ಲಿ ಏನೇನೋ ಬರೆಯುತ್ತಿತ್ತು. ದೊಡ್ಡ ಮಾದರಿ ಬೇಕಾಯಿತು, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ ನನ್ನ ಹಳೇ ಕಂಪ್ಯೂಟರನ್ನು ಸದಾ ಆನ್ ಇಡಬೇಕಾಯಿತು. ಈಗ ಎರಡು ಸೆಕೆಂಡಿನೊಳಗೆ ಆಗುತ್ತದೆ. ಡಬ್ಬಿ ಕೊಳ್ಳುವ ಮೊದಲು ನನಗೆ ಯಾರಾದರೂ ಇದನ್ನು ಹೇಳಬೇಕಿತ್ತು. ಖರ್ಚು ಡಬ್ಬಿಯದಲ್ಲ, ಅದರ ಹಿಂದಿನ ಕಂಪ್ಯೂಟರಿನದು.

ಇನ್ನು ಅರ್ಥ. ಸಿದ್ಧವಾಗಿ ಸಿಗುವ ವಾಕ್ಯಗಳನ್ನು ನಂಬಿ ಕೂರದೆ, ಅಮ್ಮ ಆಡುವ ವಾಕ್ಯಗಳನ್ನೇ ನಾನು ಒಂದೊಂದಾಗಿ ಬರೆದುಕೊಟ್ಟೆ. ಆಟೊಮೇಷನ್ ಬರೆಯುವಾಗ 'ಈ ವಾಕ್ಯ ಕೇಳಿದರೆ ಈ ಕೆಲಸ ಮಾಡು' ಅನ್ನಬಹುದು. ಇದ್ದರೂ ಸರಿ ಬಿಟ್ಟರೂ ಸರಿ ಅನ್ನುವ ಪದಗಳನ್ನು ಬೇರೆ ಗುರುತು ಮಾಡಬಹುದು. ಯಾಕೆಂದರೆ ಅಮ್ಮ "ಲೈಟ್ ಹಾಕು" ಅನ್ನುವವಳಲ್ಲ. "ಸ್ವಲ್ಪ ಲೈಟ್ ಹಾಕಪ್ಪಾ" ಅನ್ನುತ್ತಾಳೆ. ಆ 'ಸ್ವಲ್ಪ'ಕ್ಕೂ ಬೆಳಕಿನ ಪ್ರಮಾಣಕ್ಕೂ ಸಂಬಂಧ ಇಲ್ಲ, ಅದು ಸುಮ್ನೆ ಮರ್ಯಾದೆಗೆ.

ಇಲ್ಲೇ ನನಗೆ ನಮ್ಮ ಭಾಷೆ ಸಿಕ್ಕಿಹಾಕಿಸಿದ್ದು. ಲೈಟ್ 'ತೆಗಿ' ಅಂದರೆ ಅಮ್ಮನ ಬಾಯಲ್ಲಿ ಆಫ್ ಮಾಡು. ಕರ್ಟನ್ 'ತೆಗಿ' ಅಂದರೆ ಸರಿಸಿ ಬೆಳಕು ಬಿಡು. ಲೈಟ್ 'ಹಾಕು' ಅಂದರೆ ಬೆಳಕು ಬರಬೇಕು, ಕರ್ಟನ್ 'ಹಾಕು' ಅಂದರೆ ಬೆಳಕು ಹೋಗಬೇಕು. ನಾನು ಜಾಣೆಯ ಹಾಗೆ 'ಹಾಕು' ಅಂದರೆ ಆನ್, 'ತೆಗಿ' ಅಂದರೆ ಆಫ್ ಅಂತ ಒಂದೇ ನಿಯಮ ಬರೆದಿದ್ದೆ. ಕರ್ಟನ್ ತೆಗಿ ಅಂದಾಗಲೆಲ್ಲ ಅದು ಮುಚ್ಚಿಕೊಳ್ಳುತ್ತಿತ್ತು. ತಪ್ಪು ಡಬ್ಬಿಯದಲ್ಲ, ನನ್ನದೇ. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು, ಒಮ್ಮೆಯೂ ಇದು ಹೊಳೆದಿರಲಿಲ್ಲ. ಈಗ ಪ್ರತಿ ಸಾಮಾನಿಗೂ ಬೇರೆ ಕ್ರಿಯಾಪದದ ಪಟ್ಟಿ ಇದೆ. ಫ್ಯಾನಿಗೆ 'ನಿಲ್ಸು' ಬೇರೆ.

ಈ ಕೆಲಸಕ್ಕೆ ಇಳಿಯುವವರು ಡೀಬಗ್ ಪುಟವನ್ನು ಮರೆಯಬೇಡಿ. ಡಬ್ಬಿ ಏನು ಕೇಳಿಸಿಕೊಂಡಿತು, ಯಾವ ಹಂತಕ್ಕೆ ಎಷ್ಟು ಸೆಕೆಂಡ್ ಹೋಯಿತು, ಎಲ್ಲ ಅಲ್ಲಿರುತ್ತದೆ. ನಮ್ಮ 'ಹಜಾರದ ಲೈಟ್' ಯಾಕೆ ಹತ್ತುತ್ತಿಲ್ಲ ಅಂತ ನೋಡಿದರೆ ಪ್ರತಿ ಸಲವೂ 'ಬಜಾರದ ಲೈಟ್' ಅಂತ ಬರೆದುಕೊಂಡಿತ್ತು. ತಿದ್ದಲು ಹೋಗಲಿಲ್ಲ. ಬಜಾರ ಅನ್ನುವುದನ್ನೂ ಒಂದು ಹೆಸರಾಗಿ ಸೇರಿಸಿಬಿಟ್ಟೆ. ಮಗಳು ಈಗ ಬೇಕಂತಲೇ ಬಜಾರ ಅಂತಾಳೆ.

ಇನ್ನೊಂದು ಮುಖ್ಯ ವಿಷಯ, ಯಾವ ಯಾವ ಸಾಮಾನು ದನಿಗೆ ಸಿಗಬೇಕು ಅಂತ ಆರಿಸುವುದು. ಒಂದು ಸ್ಮಾರ್ಟ್ ಪ್ಲಗ್ ಸೇರಿಸಿದರೆ ಪಟ್ಟಿಯಲ್ಲಿ ಅದರ ವೋಲ್ಟೇಜು, ಕರೆಂಟು, ಯೂನಿಟ್ಟು ಎಲ್ಲ ಬೇರೆ ಬೇರೆ ಸಾಲಾಗಿ ಕೂರುತ್ತವೆ. ಎಂಬತ್ತು ಚಿಲ್ಲರೆ ಸಾಲುಗಳಲ್ಲಿ ನಾನು ದನಿಗೆ ಸಿಗುವ ಹಾಗೆ ಆರಿಸಿದ್ದು ಹತ್ತೊಂಬತ್ತನ್ನು ಮಾತ್ರ. ಮುಂಬಾಗಿಲ ಬೀಗ ಅದರಲ್ಲಿ ಇಲ್ಲ. ಕಿಟಕಿ ಆಚೆ ನಿಂತು ಕೂಗಿದವರಿಗೆಲ್ಲ ಬಾಗಿಲು ತೆರೆಯುವುದು ಬೇಡ, ಅಲ್ವಾ?

ಕೆಲವಕ್ಕೆ ದನಿ ಹೊಂದುವುದೇ ಇಲ್ಲ. ಬೆಳಕು ಎಷ್ಟು ಬೇಕು ಅಂತ ಬಾಯಲ್ಲಿ ಹೇಳುವುದಕ್ಕಿಂತ ಗುಂಡಿ ತಿರುಗಿಸುವುದು ಸಲೀಸು. ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಮಾತೇ ಬೇಡ. ಆದರೆ ಎರಡೂ ಕೈಯಲ್ಲಿ ಬಟ್ಟೆ ಹೊತ್ತು ಕತ್ತಲ ಕೋಣೆಗೆ ಬಂದಾಗ, ಅಥವಾ ಕುರ್ಚಿಯಲ್ಲಿ ಕೂತ ಮೇಲೆ ಮಂಡಿ ಮಾತು ಕೇಳದಿದ್ದಾಗ, ಇದಕ್ಕಿಂತ ಒಳ್ಳೆಯ ಸ್ವಿಚ್ ಇಲ್ಲ. ಸಂಜೆ ಕಳೆದು ಸೆಟ್ಟಿಂಗ್ಸ್ ಕೆದಕಲು ತಾಳ್ಮೆ ಇರುವವರು ತಗೊಳ್ಳಿ. ತಂದ ದಿನವೇ ಕನ್ನಡದಲ್ಲಿ ಎಲ್ಲ ನಡೆಯಬೇಕು ಅನ್ನುವವರು ಸದ್ಯ ತಡೆಯಿರಿ. ಮಾಡಿದವರೇ ಇದನ್ನು ಪ್ರಿವ್ಯೂ ಅಂತ ಕರೆದಿದ್ದಾರೆ.

ಗೋಡೆಯ ಸ್ವಿಚ್ಚುಗಳನ್ನು ನಾನು ಕಿತ್ತಿಲ್ಲ. ಅಮ್ಮ ದಿನಾ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡುವ ಮೊದಲು ಡಬ್ಬಿಯ ಮ್ಯೂಟ್ ಸರಿಸುತ್ತಾಳೆ. "ನಮ್ಮ ಮಾತು ಇದಕ್ಕ್ಯಾಕೆ" ಅಂತ. ಫೋನ್ ಇಟ್ಟ ಮೇಲೆ ಅದನ್ನು ವಾಪಸ್ ಸರಿಸುವುದು ಮರೆಯುತ್ತಾಳೆ. ನಾಲ್ಕು ಸಲ ಬಾಬುವನ್ನು ಕರೆದು, ಬೈದು, ಕೊನೆಗೆ ಮಂಡಿ ಹಿಡಿದುಕೊಂಡು ಎದ್ದು ಹೋಗಿ ಗೋಡೆಯ ಸ್ವಿಚ್ ಒತ್ತುತ್ತಾಳೆ.