ಆಡಿಯೊ-ಟೆಕ್ನಿಕಾ ವಿಎಂ95ಎಂಎಲ್ ರೆಕಾರ್ಡ್ ಪ್ಲೇಯರ್ ಸೂಜಿ: ಎರಡು ವರ್ಷ, ಸುಮಾರು 700 ಗಂಟೆ ಕೇಳಿದ ಮೇಲೆ

ರೆಕಾರ್ಡಿನ ಮೊದಲ ಹಾಡು ಎಷ್ಟೇ ಚೆನ್ನಾಗಿ ಬಂದರೂ ನನ್ನ ಮನಸ್ಸು ಕೊನೆಯ ಹಾಡಿನ ಬಗ್ಗೆ ಅಳುಕುತ್ತಲೇ ಇರುತ್ತಿತ್ತು. ಸೂಜಿ ಲೇಬಲ್ಲಿನ ಹತ್ತಿರ ಸರಿದಂತೆ ಗಾಯಕಿಯ ‘ಸ’, ‘ಶ’ ಅಕ್ಷರಗಳು ಚರ್ರೆಂದು ಹರಿದುಕೊಳ್ಳುತ್ತಿದ್ದವು. ಪಿಟೀಲಿನ ಮೇಲಿನ ಸ್ವರಗಳಿಗೆ ಒಂದು ಬಗೆಯ ಮರಳು ಮೆತ್ತಿಕೊಳ್ಳುತ್ತಿತ್ತು. ಎಷ್ಟೋ ದಿನ ತಟ್ಟೆಗಳೇ ಹಾಳಾಗಿವೆ ಎಂದುಕೊಂಡು ಅವನ್ನು ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಏನೂ ಬದಲಾಗಲಿಲ್ಲ.

ನನ್ನ ಟರ್ನ್‌ಟೇಬಲ್ ಜೊತೆಗೇ ಬಂದಿದ್ದದ್ದು ವಿಎಂ95ಇ ಕಾರ್ಟ್ರಿಡ್ಜ್, ಅಂದರೆ ಸೂಜಿಯ ಅಲುಗಾಟವನ್ನು ವಿದ್ಯುತ್ ಸಿಗ್ನಲ್ಲಾಗಿಸುವ ಪುಟ್ಟ ಭಾಗ. ಅದರ ಸೂಜಿ ಎಲಿಪ್ಟಿಕಲ್, ಅಂದರೆ ಮೊಟ್ಟೆಯಾಕಾರದ ತುದಿಯದು. ಆ ಬಗೆಯ ಸೂಜಿಗೆ ಕಂಪನಿಯೇ ಹೇಳುವ ಆಯಸ್ಸು ಸುಮಾರು 300 ಗಂಟೆ. ನಾನು ಅದನ್ನು ಯಾವಾಗಲೋ ದಾಟಿಬಿಟ್ಟಿದ್ದೆ, ಗೊತ್ತೇ ಇರಲಿಲ್ಲ. ಹೇಗೂ ಸೂಜಿ ಬದಲಿಸಲೇಬೇಕು ಎಂದಾದಾಗ ಅದೇ ಸರಣಿಯ ಮೈಕ್ರೊಲಿನಿಯರ್ (ಎಂಎಲ್) ಸೂಜಿ ತರಿಸಿದೆ, ಇದರ ತುದಿ ಇನ್ನೂ ಸಪೂರ. ವಿಎಂ95 ಸರಣಿಯ ದೊಡ್ಡ ಅನುಕೂಲವೇ ಇದು: ಕಾರ್ಟ್ರಿಡ್ಜಿನ ಮೈ ಎಲ್ಲದಕ್ಕೂ ಒಂದೇ, ಸೂಜಿ ಮಾತ್ರ ಬೇರೆ ಬೇರೆ. ಹಳೆಯದನ್ನು ಎಳೆದು ತೆಗೆದು ಹೊಸದನ್ನು ಒತ್ತಿದರೆ ಮುಗಿಯಿತು. ಸ್ಕ್ರೂ ಬಿಚ್ಚಬೇಕಿಲ್ಲ, ಕೆಂಪು, ಹಸಿರು, ಬಿಳಿ, ನೀಲಿ ತಂತಿಗಳ ಗೋಜಿಗೂ ಹೋಗಬೇಕಿಲ್ಲ.

ಕೊನೆಯ ಹಾಡೇ ಏಕೆ ಕೆಡುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ಸೂಜಿಯ ಬೆಲೆ ಅರ್ಥವಾಗುತ್ತದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅದು ಬದಲಾಗುವುದಿಲ್ಲ. ಆದರೆ ಅಂಚಿನಲ್ಲಿ ಸುತ್ತು ದೊಡ್ಡದು, ಲೇಬಲ್ಲಿನ ಬಳಿ ಚಿಕ್ಕದು. ಹಾಗಾಗಿ ಹೊರಗಿನ ಗ್ರೂವ್ (ಸೂಜಿ ಓಡುವ ಗೀರು) ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸರಿದರೆ, ಒಳಗಿನದು ಬರೀ 21 ಸೆಂಟಿಮೀಟರ್ ಸರಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆದಿರುತ್ತಾರೆ. 10,000 ಹರ್ಟ್ಸಿನ ಒಂದು ಅಲೆಗೆ ಅಲ್ಲಿ ಸಿಗುವ ಉದ್ದ ಸುಮಾರು 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಮಾತ್ರ. ಹಳೆಯ ಎಲಿಪ್ಟಿಕಲ್ ತುದಿಯ ಬದಿಯ ತ್ರಿಜ್ಯ 0.3 ಮಿಲ್, ಅಂದರೆ ಸುಮಾರು 7.6 ಮೈಕ್ರಾನ್. ಇಷ್ಟು ದಪ್ಪದ ತುದಿ ಅಷ್ಟು ಇಕ್ಕಟ್ಟಾದ ತಿರುವುಗಳೊಳಗೆ ಪೂರ್ತಿ ಇಳಿಯಲಾರದು. ಮೈಕ್ರೊಲಿನಿಯರ್ ತುದಿಯದು 0.12 ಮಿಲ್, ಹೆಚ್ಚು ಕಡಿಮೆ 3 ಮೈಕ್ರಾನ್. ಜೊತೆಗೆ ಅದು ಗ್ರೂವಿನ ಗೋಡೆಗೆ ಮೇಲಿಂದ ಕೆಳಗೆ ಉದ್ದಕ್ಕೆ ತಾಗಿಕೊಳ್ಳುವುದರಿಂದ ಭಾರ ಒಂದೇ ಚುಕ್ಕೆಯ ಮೇಲೆ ಬೀಳುವುದಿಲ್ಲ. ಇದರ ಆಯಸ್ಸನ್ನು ಸುಮಾರು 1000 ಗಂಟೆ ಎಂದು ಹೇಳುವುದಕ್ಕೂ ಇದೇ ಕಾರಣ.

ಇಷ್ಟೆಲ್ಲ ಓದಿಕೊಂಡು ಹಾಕಿದ ಮೊದಲ ವಾರ ನನಗೆ ನಿರಾಸೆಯೇ ಆಯಿತು. ಮೊದಲಿಗಿಂತ ಚೊಕ್ಕಟವಾಗಿತ್ತು ನಿಜ, ಆದರೆ ಕೊನೆಯ ಹಾಡಿನ ಕರಕರ ಇನ್ನೂ ಉಳಿದಿತ್ತು. ಕಾರ್ಟ್ರಿಡ್ಜ್ ಸರಿಯಾಗಿ ಕೂತಿದೆಯೇ ಎಂದು ಅಳೆಯುವ ಪ್ರೊಟ್ರಾಕ್ಟರ್ ಹಾಳೆ ಇಟ್ಟು ನೋಡಿದಾಗ ಗೊತ್ತಾಯಿತು: ಟರ್ನ್‌ಟೇಬಲ್ ಬಂದ ದಿನದಿಂದಲೂ ಕಾರ್ಟ್ರಿಡ್ಜ್ ಹೆಡ್‌ಶೆಲ್ಲಿನಲ್ಲಿ (ಟೋನ್‌ಆರ್ಮ್ ಎಂಬ ತೋಳಿನ ತುದಿಯಲ್ಲಿ ಕಾರ್ಟ್ರಿಡ್ಜ್ ಕೂರುವ ಜಾಗ) ಎರಡು ಮಿಲಿಮೀಟರಿನಷ್ಟು ಹಿಂದಕ್ಕೆ ಕೂತಿತ್ತು, ಸ್ವಲ್ಪ ಓರೆಯಾಗಿಯೂ ಇತ್ತು. ಚೂಪಾದ ತುದಿ ಇಂಥ ತಪ್ಪನ್ನು ಮನ್ನಿಸುವುದಿಲ್ಲ. ತಟ್ಟೆಯ ಮಧ್ಯದಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ಕಾರ್ಟ್ರಿಡ್ಜ್ ಗೆರೆಗೆ ನೇರವಾಗಿ ನಿಲ್ಲುವಂತೆ ಕೂರಿಸಿದೆ. ಇದಕ್ಕೆ ಒಂದು ಇಡೀ ಸಂಜೆ ಹಿಡಿಯಿತು. ಹಾಳೆಯನ್ನು ನೀವೇ ಮುದ್ರಿಸಿಕೊಳ್ಳುವುದಾದರೆ ಅಳತೆಪಟ್ಟಿ ಇಟ್ಟು ಪರೀಕ್ಷಿಸಿ. ಪ್ರಿಂಟರ್ ಪುಟವನ್ನು ಒಂಚೂರು ಕುಗ್ಗಿಸಿದ್ದರೂ ಲೆಕ್ಕವೆಲ್ಲ ತಪ್ಪುತ್ತದೆ. ಸ್ಕ್ರೂಗಳ ಬಗ್ಗೆ ಒಂದು ಸಂತೋಷದ ಮಾತು: ಈ ಕಾರ್ಟ್ರಿಡ್ಜಿನ ಮೈಯಲ್ಲೇ ಸ್ಕ್ರೂ ಕಚ್ಚುವ ಸುರುಳಿ ಗೀರು ಇದೆ, ಬೆರಳ ತುದಿಯಲ್ಲಿ ಪುಟಾಣಿ ನಟ್ ಹಿಡಿದು ಒದ್ದಾಡಬೇಕಿಲ್ಲ.

ಅಂದು ರಾತ್ರಿ ಕೇಳಿದ ಕೊನೆಯ ಹಾಡನ್ನು ನಾನು ಮರೆತಿಲ್ಲ. ‘ಸ’ಕಾರ ಬರೀ ‘ಸ’ಕಾರವಾಗಿತ್ತು, ಅದರ ಹಿಂದೆ ಉಸಿರೂ ಇತ್ತು. ಅಂಚಿನಲ್ಲಿದ್ದ ಹಾಡಿಗೂ ಒಳಗಿನ ಹಾಡಿಗೂ ಇದ್ದ ಅಂತರ ಅಳಿದುಹೋಗಿದೆ ಎನ್ನಲಾರೆ, ಅದು ಆ ಸಣ್ಣ ಸುತ್ತಿನ ಹಣೆಬರಹ. ಆದರೆ ಈಗ ಗಮನವಿಟ್ಟು ಹುಡುಕಿದರೆ ಮಾತ್ರ ಸಿಗುತ್ತದೆ.

ಸೂಜಿ ತಟ್ಟೆಯ ಮೇಲೆ ಒತ್ತುವ ಪ್ರೆಶರನ್ನು 2 ಗ್ರಾಮಿಗೆ ಇಟ್ಟಿದ್ದೇನೆ. 1.8ರಿಂದ 2.2ರವರೆಗೆ ಇಡಬಹುದು ಎಂದಿದೆ, ಕಡಿಮೆ ಇಟ್ಟರೆ ತಟ್ಟೆ ಬಾಳುತ್ತದೆಂದು 1.8ಕ್ಕಿಂತ ಕೆಳಗೆ ಇಳಿಸುವುದು ದೊಡ್ಡ ತಪ್ಪು. ಹಗುರಾದ ಸೂಜಿ ಗ್ರೂವಿನಲ್ಲಿ ಕುಣಿಯುತ್ತಾ ಗೋಡೆಗೆ ಬಡಿಯುತ್ತದೆ, ಹಾನಿ ಆಗುವುದು ಅದರಿಂದಲೇ. ಟೋನ್‌ಆರ್ಮಿನ ಡಯಲ್ಲನ್ನು ನಂಬದೆ ಚಿಕ್ಕದೊಂದು ಡಿಜಿಟಲ್ ತಕ್ಕಡಿ ಕೊಳ್ಳಿ. ತೋಳು ತಟ್ಟೆಯ ಒಳಕ್ಕೆ ಎಳೆದುಕೊಂಡು ಹೋಗದಂತೆ ತಡೆಯುವ ಆಂಟಿ-ಸ್ಕೇಟಿಂಗನ್ನು ಕಿವಿಯಿಂದಲೇ ಹೊಂದಿಸಿದೆ: ಜೋರಾದ ಜಾಗದಲ್ಲಿ ಬಲಗಡೆ ಮೊದಲು ಒಡೆದರೆ ಸ್ವಲ್ಪ ಹೆಚ್ಚಿಸಬೇಕು, ಎಡಗಡೆ ಒಡೆದರೆ ಇಳಿಸಬೇಕು.

ಇನ್ನೊಂದು ತಿಂಗಳು ನನ್ನನ್ನು ಕಾಡಿದ್ದು ಮೇಲಿನ ಸ್ವರಗಳ ತೀಕ್ಷ್ಣತೆ. ಸಿಂಬಲ್‌ಗಳು ಕಿವಿಗೆ ಚುಚ್ಚುತ್ತಿದ್ದವು. ಸೂಜಿಯ ಸ್ವಭಾವವೇ ಹೀಗೆ ಎಂದು ಬಿಟ್ಟುಕೊಡುವ ಹಂತಕ್ಕೆ ಬಂದಿದ್ದೆ. ನಿಜವಾದ ಕಾರಣ ಕೆಪ್ಯಾಸಿಟೆನ್ಸ್, ಅಂದರೆ ತಂತಿ, ಉಪಕರಣಗಳು ವಿದ್ಯುತ್ತನ್ನು ತಮ್ಮಲ್ಲಿ ಹಿಡಿದಿಡುವ ಗುಣ; ಅದು ಹೆಚ್ಚಾದರೆ ಮೇಲಿನ ಸ್ವರಗಳು ಉಬ್ಬಿ ಕೇಳುತ್ತವೆ. ಈ ಕಾರ್ಟ್ರಿಡ್ಜಿಗೆ ಒಟ್ಟು 100ರಿಂದ 200 ಪಿಕೊಫ್ಯಾರಡ್ ಸಾಕು. ಕಾರ್ಟ್ರಿಡ್ಜಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ನನ್ನ ಫೋನೊ ಪ್ರೀಆಂಪಿನದು 150, ಉದ್ದನೆಯ ಕೇಬಲ್ಲಿನದು ಹೆಚ್ಚು ಕಡಿಮೆ ಅಷ್ಟೇ, ಟೋನ್‌ಆರ್ಮಿನೊಳಗಿನ ತಂತಿಯದು ಬೇರೆ. ಮೂರೂ ಸೇರಿ 300 ದಾಟಿತ್ತು. ಕೆಪ್ಯಾಸಿಟೆನ್ಸ್ ಕಡಿಮೆ ಇರುವ ಗಿಡ್ಡ ಕೇಬಲ್ ಹಾಕಿದ ದಿನವೇ ಸಿಂಬಲ್‌ಗಳು ತಣ್ಣಗಾದವು. ಇದರಂತೆ ಸೂಜಿಯ ಜೊತೆ ಆಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ‘ಕರ್ಕಶ’ ಎಂದು ಯಾರಾದರೂ ದೂರಿದರೆ ನಾನು ಮೊದಲು ಕೇಳುವುದು ಅವರ ಕೇಬಲ್ ಎಷ್ಟುದ್ದ ಎಂದು.

ಹಳೆಯ ಸೂಜಿಯ ಜೊತೆ ಹೋಲಿಸಿ ಕೇಳುವವರು ವಾಲ್ಯೂಮ್ ಸರಿದೂಗಿಸಿಕೊಳ್ಳಿ. ಇ ಮಾದರಿಯ ಔಟ್‌ಪುಟ್ 4 ಮಿಲಿವೋಲ್ಟ್, ಎಂಎಲ್ ಮಾದರಿಯದು 3.5. ಒಂದು ಡೆಸಿಬೆಲ್ಲಿಗಿಂತ ತುಸು ಹೆಚ್ಚಿನ ವ್ಯತ್ಯಾಸ. ಜೋರಾಗಿರುವುದೇ ಚೆಂದ ಎಂದು ಕಿವಿ ಮೋಸಹೋಗಲು ಅಷ್ಟು ಸಾಕು, ನನಗೂ ಮೊದಲು ಹಳೆಯದರಲ್ಲೇ ಜೀವ ಹೆಚ್ಚಿದೆ ಅನ್ನಿಸಿತ್ತು. ಕೆಳಸ್ವರಗಳ ವಿಷಯದಲ್ಲಿ ಮಾತ್ರ ಸರಿದೂಗಿಸಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಬೇಸ್ ಬಿಗಿಯಾಗಿದೆ, ಸ್ಪಷ್ಟವಾಗಿದೆ, ಆದರೆ ಮೈದುಂಬಿ ಬರುವುದಿಲ್ಲ. ತುಂಬಿದ, ಬೆಚ್ಚಗಿನ ದನಿ ಬೇಕೆನ್ನುವವರಿಗೆ ಇದು ಒಣ ಅನ್ನಿಸಬಹುದು.

ಧೂಳಿನ ಬಗ್ಗೆ ಇದು ಬಲು ನಾಜೂಕು. ಮೂರನೆಯ ತಿಂಗಳಲ್ಲಿ ಒಂದು ದಿನ ದನಿ ದಿಢೀರನೆ ಮಬ್ಬಾದಾಗ ಸೂಜಿ ಸತ್ತೇಹೋಯಿತೆಂದು ಎದೆ ಧಸಕ್ಕೆಂದಿತು. ಭೂತಗನ್ನಡಿ ಹಿಡಿದು ನೋಡಿದರೆ ತುದಿಗೆ ಕೊಳೆಯ ಉಂಡೆ ಅಂಟಿಕೊಂಡಿತ್ತು. ಈಗ ಪ್ರತಿ ಬದಿ ಮುಗಿದಾಗ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ, ಅದೇ ಒಂದು ದಿಕ್ಕಿನಲ್ಲಿ, ಒಮ್ಮೆ ಸವರುತ್ತೇನೆ. ಅಡ್ಡಡ್ಡ ಎಳೆದರೆ ತುದಿಯನ್ನು ಹೊತ್ತ ಸಣ್ಣ ಕಡ್ಡಿ, ಕ್ಯಾಂಟಿಲಿವರ್, ಬಾಗಿಹೋಗಬಹುದು.

ಟಿಪ್ಪಣಿ ಪುಸ್ತಕದಲ್ಲಿ ಒಂದೊಂದು ಬದಿಯನ್ನೂ ಬರೆದಿಡುತ್ತಿದ್ದೇನೆ, ಲೆಕ್ಕ ಈಗ 700ರ ಆಸುಪಾಸಿನಲ್ಲಿದೆ. ದನಿಯಲ್ಲಿ ಇಳಿತ ಕಂಡಿಲ್ಲ. ಸೆಕೆಂಡ್‌ಹ್ಯಾಂಡ್ ತಟ್ಟೆಗಳಲ್ಲಿ ಕೆಲವು ಮೊದಲಿಗಿಂತ ನಿಶ್ಶಬ್ದವಾಗಿವೆ. ಬೇರೆಯವರ ದಪ್ಪ ಸೂಜಿ ಮುಟ್ಟದೆ ಉಳಿದಿದ್ದ ಗೋಡೆಯ ಭಾಗವನ್ನು ಇದು ಓದುತ್ತಿರಬೇಕು. ಆದರೆ ನಾನು ಅತಿ ಹೆಚ್ಚು ಪ್ರೀತಿಯಿಂದ ಕೇಳಿದ ಒಂದು ತಟ್ಟೆಯ ಕೊನೆಯ ಹಾಡು ಇಂದಿಗೂ ಹರಿದೇ ಕೇಳುತ್ತದೆ. ಸವೆದ ಸೂಜಿಯಲ್ಲಿ ಅದನ್ನು ವಾರಕ್ಕೆ ನಾಲ್ಕು ಸಲ ಹಾಕಿದವನು ನಾನೇ. ಗ್ರೂವಿನ ಗೋಡೆ ಕೊರೆದುಹೋದ ಮೇಲೆ ಯಾವ ಸೂಜಿ ತಂದರೂ ಅದು ಮರಳಿ ಬಾರದು. ಅದೇ ತಟ್ಟೆಯ ಇನ್ನೊಂದು ಪ್ರತಿಗಾಗಿ ಹುಡುಕುತ್ತಿದ್ದೇನೆ.