ಆರ್‌ಎಕ್ಸ್ 100 ಕ್ಲಚ್: ಹಳೇದನ್ನೇ ಉಜ್ಜೋದಾ, ಲೋಕಲ್ ಸೆಟ್ಟಾ, ಒರಿಜಿನಲ್ಲಾ?

ಯಮಹಾ ಆರ್‌ಎಕ್ಸ್ 100 ಬೈಕ್ ಇಟ್ಕೊಂಡಿರೋರಿಗೆ ಕ್ಲಚ್ ಸ್ಲಿಪ್ ಅಂದ್ರೇನು ಅಂತ ಹೇಳ್ಕೊಡೋದು ಬೇಡ, ಏರಲ್ಲಿ ರೈಸ್ ಮಾಡಿದ್ರೆ ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. 1996ಕ್ಕೇ ತಯಾರಿಕೆ ನಿಂತೋದ ಗಾಡಿ, ಶೋರೂಂಗೆ ಹೋಗಿ ಪಾರ್ಟ್ ನಂಬರ್ ಹೇಳಿ ತರೋ ಕಾಲ ಮುಗೀತು. ಹಾಗಾಗಿ ಉಳಿಯೋದು ಮೂರು ದಾರಿ, ಮೂರನ್ನೂ ಮನೇಲೇ ಮಾಡಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿಸಿ ನೋಡಿದೀನಿ. ಊರೊಳಗೆ ಓಡ್ಸಿದ್ರೆ ಯಾವ ಕ್ಲಚ್ಚೂ ಚೆನ್ನಾಗೇ ಇರುತ್ತೆ, ಘಾಟಿಲೇ ಅದರ ಬಣ್ಣ ಬಯಲಾಗೋದು.

ಬಿಚ್ಚೋಕೆ ಮುಂಚೆ ಎರಡು ವಿಷಯ ನೋಡ್ಕೊಳ್ಳಿ. ಲಿವರ್‌ನಲ್ಲಿ ಎರಡು ಮೂರು ಎಂಎಂ ಆಟ ಇರ್ಬೇಕು, ಇಲ್ಲಾಂದ್ರೆ ಕೇಬಲ್ ಎಳ್ಕೊಂಡೇ ಇದ್ದು ಹೊಸ ಪ್ಲೇಟೂ ಸ್ಲಿಪ್ ಆಗುತ್ತೆ. ಇನ್ನೊಂದು ಗೇರ್ ಆಯಿಲ್. ಟೂ ಸ್ಟ್ರೋಕ್ ಆದ್ರೂ ಕ್ಲಚ್ ಮುಳುಗಿರೋದು ಗೇರ್‌ಬಾಕ್ಸ್ ಆಯಿಲಲ್ಲೇ, ಅದಕ್ಕೆ ಯಾರೋ ಉಳಿದ ಕಾರ್ ಆಯಿಲ್ ಸುರಿದಿದ್ರೆ ಅದರೊಳಗಿನ ಜಾರಿಸೋ ಕೆಮಿಕಲ್‌ನಿಂದಾನೂ ಸ್ಲಿಪ್ ಬರ್ಬಹುದು. ಡಬ್ಬಿ ಮೇಲೆ ಜಾಸೋ ಎಂಎ (JASO MA) ಅಂತ ಇರೋದನ್ನೇ ಹಾಕಿ, ಎಂಬಿ (MB) ಅಂತಿರೋದು ಸ್ಕೂಟರ್‌ಗೆ.

ಮೊದಲ ದಾರಿ, ಹಳೇದನ್ನೇ ಉಜ್ಜೋದು. ಸ್ಟೀಲ್ ಪ್ಲೇಟ್ ಮೇಲಿನ ಹೊಳಪನ್ನ ಎಮರಿ ಪೇಪರಲ್ಲಿ ತೆಗೆದು, ಅದನ್ನ ಒತ್ತಿ ಹಿಡಿಯೋ ಕಾರ್ಕ್ ಪ್ಲೇಟನ್ನೂ ಹಗುರವಾಗಿ ಉಜ್ಜಿ ಹಾಕೋದು. ಖರ್ಚು ಅಂದ್ರೆ ಗ್ಯಾಸ್ಕೆಟ್ ಮತ್ತೆ ಆಯಿಲ್ ಅಷ್ಟೇ. ಮೊದಮೊದಲು ಹಿಡಿತ ಚೆನ್ನಾಗಿರುತ್ತೆ, ಆದ್ರೆ ಘಾಟಿಲಿ ಮೂರ್ನಾಲ್ಕು ತಿರುವು ಆಗಿ ಬಿಸಿ ಏರಿದ ಮೇಲೆ ಮತ್ತೆ ಅದೇ ರಾಗ, ಯಾಕಂದ್ರೆ ಸವೆದು ತೆಳ್ಳಗಾದ ಕಾರ್ಕ್ ಉಜ್ಜಿದ್ರೆ ಇನ್ನೂ ತೆಳ್ಳಗಾಗುತ್ತೆ ಹೊರತು ದಪ್ಪ ಆಗಲ್ಲ. ಕೆಲವ್ರು ಇದರ ಜೊತೆ ಸ್ಪ್ರಿಂಗ್‌ಗೆ ವಾಷರ್ ಕೊಟ್ಟು ಬಿಗಿ ಮಾಡ್ತಾರೆ, ಅದೂ ಮಾಡಿ ನೋಡಿದೆ, ಸ್ಲಿಪ್ ನಿಲ್ತು, ಲಿವರ್ ಹಿಡಿಯೋಕೆ ಪೈಲ್ವಾನ್ ಬೇಕಾಯ್ತು, ಕೇಬಲ್ಲೂ ಬೇಗ ಹೋಯ್ತು. ಪಾರ್ಟ್ ಸಿಗೋವರೆಗೆ ತಳ್ಳೋಕೆ ಸರಿ.

ಎರಡನೇದು ಲೋಕಲ್ ಫುಲ್ ಸೆಟ್, ಕಾರ್ಕ್, ಸ್ಟೀಲ್, ಸ್ಪ್ರಿಂಗ್ ಎಲ್ಲಾ ಒಂದೇ ಕವರಲ್ಲಿ. ಬೆಂಗಳೂರು ಜೆ.ಸಿ. ರೋಡ್‌ಗೆ ಹೋದ್ರೆ ಬೇಕಾದಷ್ಟು ಸಿಗುತ್ತೆ. ನಂಗೆ ಸಿಕ್ಕಿದ್ದರ ಸ್ಟೀಲ್ ಪ್ಲೇಟನ್ನ ಗಾಜಿನ ಮೇಲೆ ಇಟ್ರೆ ಒಂದೆರಡು ಹೊಸದ್ರಲ್ಲೇ ಬೆಂಡ್, ಅಡಿಯಲ್ಲಿ ಸಂದು ಅಳೆಯೋ ಫೀಲರ್ ಗೇಜ್ ಆರಾಮಾಗಿ ನುಗ್ತಿತ್ತು. ಅಂಥದ್ದು ಹಾಕಿದ್ರೆ ಸ್ಲಿಪ್ ಇರಲ್ಲ ನಿಜ, ಆದ್ರೆ ಕ್ಲಚ್ ಪೂರ್ತಿ ಬಿಡಲ್ಲ, ಸಿಗ್ನಲ್ಲಲ್ಲಿ ನ್ಯೂಟ್ರಲ್ ಹುಡುಕೋದೇ ಒಂದು ಕೆಲಸ, ಫಸ್ಟ್ ಗೇರ್ ಹಾಕಿದ್ರೆ ಗಾಡಿ ತೆವಳುತ್ತೆ. ಆ ಸೆಟ್ಟಿನ ಕಾರ್ಕ್ ಮಾತ್ರ ನಾನು ಅಂದ್ಕೊಂಡಷ್ಟು ಕೆಟ್ಟದಿರಲಿಲ್ಲ.

ಮೂರನೇದು ಒರಿಜಿನಲ್. ಹಳೇ ಸ್ಟಾಕ್ ಇಟ್ಟಿರೋ ಅಂಗಡಿಯವ್ರು ಕೇಳಿದ್ದೇ ರೇಟು, ಮೇಲಿಂದ ಒರಿಜಿನಲ್ ಡಬ್ಬಿಯೊಳಗೆ ಡೂಪ್ಲಿಕೇಟ್ ಬೇರೆ ಇರುತ್ತೆ. ನಿಜವಾದದ್ದು ಸಿಕ್ರೆ ಲಿವರ್ ಬಿಡೋವಾಗ ಆ ಮೆತ್ತಗಿನ ಎಳೆತ ಇದೆಯಲ್ಲ, ಅದನ್ನ ಇನ್ಯಾವ ಸೆಟ್ಟೂ ಕೊಡಲ್ಲ, ಘಾಟಿ ಮೇಲಿನ ಕೊಟ್ಟಿಗೆಹಾರ ಮುಟ್ಟೋವರೆಗೂ ಹಿಡಿತ ಒಂದೇ ಥರ. ಆದ್ರೆ ಆ ರೇಟಿಗೆ ಪೂರ್ತಿ ಸೆಟ್ ತಗೊಳ್ಳೋದು ದಂಡ ಅಂತಲೇ ನನ್ನ ಲೆಕ್ಕ.

ಈಗ ಗಾಡೀಲಿರೋದು ಮಿಕ್ಸ್: ಒರಿಜಿನಲ್ ಕಾರ್ಕ್, ಒರಿಜಿನಲ್ ಸ್ಪ್ರಿಂಗ್, ಸ್ಟೀಲ್ ಮಾತ್ರ ಗಾಡಿ ಜೊತೆ ಬಂದ ಹಳೇದೇ, ಗಾಜಿನ ಮೇಲೆ ಚೆಕ್ ಮಾಡಿ ಉಜ್ಜಿ ಹಾಕಿದ್ದು. ಬಜೆಟ್ ಇಲ್ಲಾಂದ್ರೆ ಲೋಕಲ್ ಕಾರ್ಕ್ ಆದ್ರೂ ಹಾಕಿ, ಸ್ಪ್ರಿಂಗಲ್ಲಿ ಜಿಪುಣತನ ಬೇಡ. ಹಳೇ ಸ್ಪ್ರಿಂಗನ್ನ ಹೊಸದರ ಪಕ್ಕ ನಿಲ್ಸಿ ನೋಡಿ, ಕುಗ್ಗಿರೋದು ಕಣ್ಣಿಗೇ ಕಾಣುತ್ತೆ.

ಮನೇಲಿ ಮಾಡೋಕೆ ಕಷ್ಟ ಏನಿಲ್ಲ. ಆಯಿಲ್ ಇಳಿಸಿ, ಕಿಕ್ಕರ್ ತೆಗೆದು, ಬಲಗಡೆ ಕವರ್ ಬಿಚ್ಚೋದು. ಸ್ಕ್ರೂಗಳು ಕಚ್ಕೊಂಡಿರ್ತವೆ, ಮಾಮೂಲಿ ಸ್ಕ್ರೂಡ್ರೈವರಲ್ಲಿ ತಲೆ ಸವೆಸೋ ಬದಲು ಸುತ್ತಿಗೇಲಿ ಹೊಡಿಯೋ ಇಂಪ್ಯಾಕ್ಟ್ ಡ್ರೈವರ್ ಯಾರ ಹತ್ರಾದ್ರೂ ಇಸ್ಕೊಳ್ಳಿ. ಎಂಜಿನ್‌ಗೆ ತಾನೇ ಆಯಿಲ್ ಕಳಿಸೋ ಟೂಟಿ (2T) ಪಂಪ್ ಇನ್ನೂ ಇರೋ ಗಾಡಿ ಆದ್ರೆ ಆ ಪೈಪ್ ಬಿಚ್ಚಿದ ಮೇಲೆ ಒಳಗಿನ ಗಾಳಿ ಪೂರ್ತಿ ಹೊರಗೆ ಬರೋವರೆಗೆ ಬ್ಲೀಡ್ ಮಾಡ್ಲೇಬೇಕು, ಎಂಜಿನ್‌ಗೆ ಆಯಿಲ್ ಹೋಗದೆ ಸೀಜ್ ಆದ್ರೆ ಕ್ಲಚ್ಚಿನ ಹತ್ತು ಪಟ್ಟು ಖರ್ಚು. ಪೆಟ್ರೋಲ್‌ಗೇ ಆಯಿಲ್ ಬೆರೆಸೋರಿಗೆ ಈ ತಲೆನೋವಿಲ್ಲ. ಹೊಸ ಕಾರ್ಕ್ ಹಿಂದಿನ ರಾತ್ರೀನೇ ಗೇರ್ ಆಯಿಲಲ್ಲಿ ನೆನೆಹಾಕಿ, ಒಣಗಿದ್ದು ಹಾಕಿದ್ರೆ ಮೊದಲ ದಿನವೇ ಸುಟ್ಕೊಳ್ಳುತ್ತೆ. ಸ್ಪ್ರಿಂಗ್ ಬೋಲ್ಟ್‌ಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಸಣ್ಣ ಬೋಲ್ಟು, ಜೋರು ತೋರ್ಸಿದ್ರೆ ಕಟ್ಟಾಗುತ್ತೆ. ಪ್ಲೇಟ್‌ಗಳು ಕೂರೋ ಬುಟ್ಟಿ, ಅಂದ್ರೆ ಬ್ಯಾಸ್ಕೆಟ್ ಹಲ್ಲಲ್ಲಿ ಪ್ಲೇಟ್ ಹೊಡೆದು ಗುಳಿ ಬಿದ್ದಿದ್ರೆ ಅರದಲ್ಲಿ ನಯ ಮಾಡಿ, ಗುಳಿ ಆಳ ಇದ್ರೆ ಬ್ಯಾಸ್ಕೆಟ್ಟೇ ಬದಲಾಯಿಸ್ಬೇಕು, ಅಲ್ಲಿಗೆ ಈ ಮೂರು ದಾರಿ ಲೆಕ್ಕ ಯಾವ್ದೂ ಉಪಯೋಗಕ್ಕೆ ಬರಲ್ಲ.